ಥಂಡಾ ಬೇರೆ, ತಂಪು ಬೇರೆ

ಬಾಟಲಿ ಒಂದೇ, ಹೆಸರು ಊರಿಗೊಂದು. ಚಿಂಚೋಳಿಯ ಐನಾಪುರದಿಂದ ಕಾಸರಗೋಡಿನವರೆಗೆ ಕನ್ನಡಿಗರು ಬೇಸಿಗೆಯ ಪಾನೀಯವನ್ನು ಏನೆಂದು ಕರೆದು ಕುಡಿಯುತ್ತಾರೆ?

ಐನಾಪುರದ ಕಡೆ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾರ ಮನೆಗಾದರೂ ಬೀಗರು ಬಂದರೆ ಮಾತು ಹೀಗೆ ಶುರುವಾಗುತ್ತದೆ: "ಬರ್ರಿ ಮಾಮಾ, ಕುಂದುರ್ರಿ. ಭಾಳ ಬಿಸಲಾಗ ಬಂದೀರಿ. ಚಾ ಮಾಡಸ್ಲಿ, ಏನ್ ಥಂಡಾ ತರಸ್ಲಿ?" ಬೀಗರು ಏನೂ ಬ್ಯಾಡ ಅನ್ನುತ್ತಾರೆ. ಮನೆಯವರು ಕೇಳುವುದಿಲ್ಲ. ಹುಡುಗನ ಕೈಗೆ ದುಡ್ಡು ಕೊಟ್ಟು ಅಂಗಡಿಗೆ ಓಡಿಸುತ್ತಾರೆ. ಅಂಗಡಿ ಮುಟ್ಟಿದ ಹುಡುಗ ಥಂಡಾ ಕೊಡು ಎನ್ನುವುದಿಲ್ಲ. "ಕಾಕಾ, ದೊಡ್ಡದು ಥಮ್ಸಪ್ ಒಂದ್ ಕೊಡ" ಎನ್ನುತ್ತಾನೆ. ಮನೆಯಲ್ಲಿ ಥಂಡಾ ಆಗಿದ್ದದ್ದು ಅಂಗಡಿಯಲ್ಲಿ ಥಮ್ಸಪ್ ಆಯಿತು.

ಅದೇ ಬಾಟಲಿ ಗಡಿ ದಾಟಿ ತಾಂಡೂರಿಗೆ ಹೋದರೆ ಕೂಲ್‌ಡ್ರಿಂಕ್. ವಾಡಿಯಲ್ಲಿ ರೈಲು ಹತ್ತಿ ಸೊಲ್ಲಾಪುರ, ಪುಣೆ ಕಡೆಗೆ ಹೋದರೆ ಕೋಲ್ಡ್‌ಡ್ರಿಂಕ್. ಬೆಂಗಳೂರು ಸೇರಿದರೆ ಕೂಲ್‌ಡ್ರಿಂಕ್ಸ್. ಪತ್ರಿಕೆಯಲ್ಲಿ ಸುದ್ದಿಯಾದರೆ ತಂಪು ಪಾನೀಯ. ತೆರಿಗೆ ಇಲಾಖೆಯ ಕಾಗದ ಏರಿದರೆ ಏರೇಟೆಡ್ ವಾಟರ್. ಒಳಗಿನ ನೀರು, ಸಕ್ಕರೆ, ಗ್ಯಾಸು ಎಲ್ಲೂ ಬದಲಾಗಿಲ್ಲ. ಬದಲಾದದ್ದು ಯಾರು ಕೇಳಿದರು, ಯಾರನ್ನು ಕೇಳಿದರು, ಯಾಕೆ ಕೇಳಿದರು ಎಂಬುದು.

ಚಿಂಚೋಳಿ ತಾಲ್ಲೂಕಿನ ಹೋಬಳಿ ಊರಾದ ಐನಾಪುರದಂಥ ಕಡೆ ನಿಂತು ಇದನ್ನು ನೋಡುವುದಕ್ಕೆ ಕಾರಣವಿದೆ. ತಾಲ್ಲೂಕಿನ ಪೂರ್ವದ ಅಂಚು ತೆಲಂಗಾಣಕ್ಕೆ ತಾಗುತ್ತದೆ. ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ ದಖನಿ ಉರ್ದು, ಹೊಲದಲ್ಲಿ ಕನ್ನಡ, ಗಡಿಯ ಹಳ್ಳಿಗಳಲ್ಲಿ ತೆಲುಗು. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಸೀಮೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದರದೇ ಎರಡು ತಾಲ್ಲೂಕುಗಳಾದ ತಾಂಡೂರು ಮತ್ತು ಕೊಡಂಗಲ್ ಆಂಧ್ರದ ಪಾಲಾದವು. ನೆಂಟಸ್ತನಗಳು ಗಡಿಯ ಎರಡೂ ಕಡೆ ಉಳಿದವು. ಹಾಗಾಗಿ ಇಲ್ಲಿನ ಒಂದೊಂದು ಲಗ್ನದ ಹಂದರದಲ್ಲೂ ಒಂದೇ ಪಾನೀಯಕ್ಕೆ ಮೂರು-ನಾಲ್ಕು ಹೆಸರು ಓಡಾಡುತ್ತಿರುತ್ತವೆ.

ವಾಡಿಯಲ್ಲಿ ಕೂಡುವ ದಾರಿಗಳು

ಚಿತ್ತಾಪುರ ತಾಲ್ಲೂಕಿನ ವಾಡಿಯನ್ನು ಈಗಿನವರು ಸಿಮೆಂಟಿನಿಂದ ಬಲ್ಲರು. ಅದಕ್ಕೂ ಮೊದಲು ಅದು ರೈಲಿನ ಊರು. ಮುಂಬೈ–ಮದ್ರಾಸ್ ಹಾದಿ 1871ರಲ್ಲಿ ಕೂಡಿಕೊಂಡಿತು. 1874ರಲ್ಲಿ ನಿಜಾಮರ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹೊರಟಿತು. ಮರಾಠಿ, ತೆಲುಗು, ತಮಿಳು, ಹಿಂದಿ ಎಲ್ಲವೂ ಇಳಿದು ಗಾಡಿ ಬದಲಿಸುವ ಜಾಗ ಅದು. ಶಹಾಬಾದ್, ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ದೂರದೂರದ ನೌಕರರನ್ನು ಕರೆತಂದವು. ಅವರು ತಮ್ಮ ಜತೆ ತಮ್ಮ ಪದಗಳನ್ನೂ ತಂದರು.

ದಕ್ಷಿಣ ಭಾರತದ ಪದ 'ಕೂಲ್ ಡ್ರಿಂಕ್ಸ್'. ಬೆಂಗಳೂರು, ಮೈಸೂರು, ಚೆನ್ನೈ, ಹೈದರಾಬಾದು ಎಲ್ಲ ಕಡೆ ಇದೇ. ಉತ್ತರ ಭಾರತದ್ದು 'ಕೋಲ್ಡ್ ಡ್ರಿಂಕ್'. ಎರಡೂ ಇಂಗ್ಲಿಷ್ ಮಾತುಗಳೇ, ಆದರೆ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಹೀಗೆ ಕೇಳಿದರೆ ಅಂಗಡಿಯವ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಯೋಚಿಸಬೇಕಿಲ್ಲ. ಅಲ್ಲಿನವರೂ ಕೂಲ್‌ಡ್ರಿಂಕ್ ಎಂದೇ ಕೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಈ ಪದವಿದೆ.

ಕನ್ನಡದ 'ಕೂಲ್ ಡ್ರಿಂಕ್ಸ್'ನಲ್ಲಿ ಕೊನೆಯ 'ಸ್' ಬಹುವಚನವಲ್ಲ. "ಒಂದು ಕೂಲ್‌ಡ್ರಿಂಕ್ಸ್ ಕೊಡಿ" ಎನ್ನುವುದೇ ಸರಿಯಾದ ಬೆಂಗಳೂರು ಕನ್ನಡ. ಮೊದಲಿನ 'ಕೂಲ್' ಬಿಡುವಂತೆಯೂ ಇಲ್ಲ. ಬರೀ 'ಡ್ರಿಂಕ್ಸ್' ಎಂದರೆ ಕನ್ನಡದಲ್ಲಿ ಬೇರೆಯೇ ಅರ್ಥ. "ಹುಡುಗ ಡ್ರಿಂಕ್ಸ್ ಮಾಡ್ತಾನಂತೆ" ಎಂಬ ಒಂದು ಮಾತಿಗೆ ಹೆಣ್ಣಿನ ಕಡೆಯವರು ಸಂಬಂಧ ಬಿಟ್ಟು ಎದ್ದು ಹೋಗಬಹುದು. ಇಂಗ್ಲಿಷಿನಲ್ಲಿ ಈ ಕೆಲಸವನ್ನು 'ಸಾಫ್ಟ್' ಎಂಬ ಪದ ಮಾಡುತ್ತದೆ: ಹೆಂಡ-ಸಾರಾಯಿ 'ಹಾರ್ಡ್', ಉಳಿದದ್ದು 'ಸಾಫ್ಟ್'. ಆ 'ಸಾಫ್ಟ್' ನಮ್ಮ ಹೋಟೆಲಿನ ಮೆನು ಕಾರ್ಡಿನಲ್ಲಿ ಉಳಿಯಿತು, ಬಾಯಿಗೆ ಬರಲಿಲ್ಲ. ಮೆತ್ತಗೋ ಗಟ್ಟಿಯೋ ಎಂಬುದು ನಮಗೆ ರೊಟ್ಟಿಯ ಪ್ರಶ್ನೆ, ಕುಡಿಯುವುದರದ್ದಲ್ಲ.

ತಮಿಳುನಾಡಿನ ಹಳಬರು ಇದನ್ನೇ 'ಕಲರ್' ಎನ್ನುತ್ತಿದ್ದರು. ಬಣ್ಣವಿಲ್ಲದ್ದು ಸೋಡಾ, ಬಣ್ಣ ಇದ್ದದ್ದು ಕಲರ್. ಲೆಕ್ಕ ಎಷ್ಟು ಸರಳ! ಗೋಲಿ ಸೋಡಾ ಕಾರ್ಖಾನೆಗಳು ಊರೂರಲ್ಲಿದ್ದ ಕಾಲದ ವಿಂಗಡಣೆ ಅದು.

ಗೋಲಿಯ ಕಾಲ

ಗೋಲಿ ಸೋಡಾ ಎಂಬ ಹೆಸರು ಬಾಟಲಿಯಿಂದ ಬಂದದ್ದು. ಲಂಡನ್ನಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ಹಕ್ಕುಪತ್ರ ಪಡೆದ ಬಾಟಲಿ ಅದು. ಒಳಗೆ ಗಾಜಿನ ಗೋಲಿ, ಬಾಯಲ್ಲಿ ರಬ್ಬರಿನ ಉಂಗುರ. ಗ್ಯಾಸ್ ತುಂಬಿದಾಗ ಒಳಗಿನ ಒತ್ತಡವೇ ಗೋಲಿಯನ್ನು ಮೇಲಕ್ಕೆ ದೂಡಿ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಮುಚ್ಚಳ ಬೇಡ, ಬಿರಡೆ ಬೇಡ. ಕುಡಿಯುವಾಗ ಕಟ್ಟಿಗೆಯ ಗುಬಟಿನಿಂದ ಒತ್ತಿದರೆ ಗೋಲಿ ಕೆಳಗೆ ಬೀಳುತ್ತದೆ. ಬಗ್ಗಿಸಿದಾಗ ಅದು ಮತ್ತೆ ಬಾಯಿಗೆ ಅಡ್ಡ ಬರದಂತೆ ಕತ್ತಿನಲ್ಲಿ ಎರಡು ತಗ್ಗು. ಇಂಗ್ಲೆಂಡಿನಲ್ಲಿ ಅದು ಎಂದೋ ಹಳೆಯ ಸಾಮಾನಿನ ಅಂಗಡಿ ಸೇರಿತು, ಇಲ್ಲಿ ಜಾತ್ರೆಗಳಲ್ಲಿ ಇನ್ನೂ ಜೀವಂತ. ದೆಹಲಿಯವರು ಇದೇ ಬಾಟಲಿಯನ್ನು 'ಬಂಟಾ' ಎನ್ನುತ್ತಾರೆ. ಬಂಟಾ ಎಂದರೂ ಗೋಲಿಯೇ.

ಸೋಡಾ ಕನ್ನಡದಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ದಪ್ಪ ಗಾಜಿನ ಕನ್ನಡಕದವರಿಗೆ ಶಾಲೆಯಲ್ಲಿ 'ಸೋಡಾ ಬುಡ್ಡಿ' ಎಂಬ ಅಡ್ಡಹೆಸರು ಆ ಬಾಟಲಿಯ ತಳದಿಂದಲೇ ಬಂದದ್ದು. ಹೊಟ್ಟೆ ಉಬ್ಬರಿಸಿದರೆ "ಒಂದ್ ಸೋಡಾ ಕುಡಿ, ಹಗರ ಆಗ್ತದ" ಎನ್ನುವುದು ಕಲಬುರಗಿ ಸೀಮೆಯ ಮೊದಲ ಸಲಹೆ. ಲಿಂಬಿಹಣ್ಣು ಹಿಂಡಿ ಉಪ್ಪು ಹಾಕಿದರೆ ಲಿಂಬು ಸೋಡಾ. ದಕ್ಷಿಣದ ನಿಂಬೆ ಇಲ್ಲಿ ಲಿಂಬಿ ಆಗುತ್ತದೆ, ಅಲ್ಲಿನ ಐಸು ಇಲ್ಲಿ ಬರ್ಫ ಆಗುತ್ತದೆ.

ಫರಸಿಯ ಪದರ

ಶಹಾಬಾದಿನ ಖಣಿಯಲ್ಲಿ ಫರಸಿ ಕಲ್ಲು ಪದರ ಪದರವಾಗಿ ಏಳುವಂತೆ ಈ ಸೀಮೆಯ ಪಾನೀಯಗಳ ಹೆಸರುಗಳನ್ನೂ ಪದರ ಪದರವಾಗಿ ಎಬ್ಬಿಸಬಹುದು.

ತಳದಲ್ಲಿ ಅಪ್ಪಟ ದೇಸಿ ಮಾತುಗಳು: ಮಜ್ಜಿಗಿ, ಅಂಬಲಿ. ಜ್ವಾಳದ ಹಿಟ್ಟು ಕುದಿಸಿ, ಆರಿಸಿ, ಮಜ್ಜಿಗಿ ಉಪ್ಪು ಜೀರಿಗೆ ಬೆರೆಸಿದ ಅಂಬಲಿ ಹೊಲದವರ ಬುತ್ತಿಯ ಭಾಗ. ಹಳೆ ಮೈಸೂರಿನಲ್ಲಿ ಅಂಬಲಿ ಎಂದರೆ ರಾಗಿಯದು. ಗಡಿಯಾಚೆ ತೆಲುಗರದ್ದೂ ಇದೇ ಪದ. ಧಾನ್ಯ ಬದಲಾದರೂ ಹೆಸರು ಬದಲಾಗದ ಅಪರೂಪದ ಪಾನೀಯ ಇದು.

ಅದರ ಮೇಲೆ ಸಂಸ್ಕೃತದ ಪದರ: ಪಾನಕ. ರಾಮನವಮಿಗೆ ಬೆಲ್ಲದ ಪಾನಕ ಇಡೀ ಕನ್ನಡನಾಡಿನದ್ದು. ಉಗಾದಿಗೆ ಮಾತ್ರ ಇಲ್ಲಿ ಬೇರೆಯೇ ಸಂಭ್ರಮ. ದಕ್ಷಿಣದಲ್ಲಿ ಬೇವು-ಬೆಲ್ಲ ಎಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಜಗಿಯುವುದು. ಕಲಬುರಗಿ, ಬೀದರ್, ವಿಜಯಪುರದ ಕಡೆ 'ಬೇವು' ಎಂದರೆ ಗಿಲಾಸು ತುಂಬ ಕುಡಿಯುವುದು. ಹೊಸ ಗಡಿಗೆಯಲ್ಲಿ ಹುಣಸೆಹುಳಿ, ಬೆಲ್ಲ, ಬೇವಿನ ಹೂ, ಮಾವಿನಕಾಯಿ, ಪುಟಾಣಿ ಹಿಟ್ಟು, ದ್ರಾಕ್ಷಿ ಗೋಡಂಬಿ ಎಲ್ಲ ಹಾಕಿ ಕಲಸಿ, ಮನೆಗೆ ಬಂದವರಿಗೆಲ್ಲ ಕೊಡುತ್ತಾರೆ. "ಬೇವು ಕುಡಿಲಿಕ್ಕಿ ಬರ್ರಿ" ಎಂದು ಕರೆದರೆ ಬೆಂಗಳೂರಿನವರು ಹೆದರಬೇಕಿಲ್ಲ, ಅದು ಸಿಹಿಯೇ.

ಮೂರನೆಯದು ಶರಬತ್ತಿನ ಪದರ. ಕಲಬುರಗಿ 1347ರಲ್ಲಿ ಬಹಮನಿಗಳ ರಾಜಧಾನಿ ಆಯಿತು. ಖ್ವಾಜಾ ಬಂದೇ ನವಾಜರು 1400ರ ಸುಮಾರಿಗೆ ಇಲ್ಲಿಗೆ ಬಂದು ನೆಲೆಸಿದರು. ದಖನಿ ಭಾಷೆ ಬೆಳೆದ ಅಂಗಳಗಳಲ್ಲಿ ಇದೂ ಒಂದು. ಕುಡಿಯುವುದು ಎಂಬ ಅರ್ಥದ ಅರಬಿ ಧಾತುವಿನಿಂದ ಹುಟ್ಟಿದ ಶರಬತ್, ಪಾರಸಿ-ಉರ್ದುಗಳ ಕೈ ಹಿಡಿದು ಇಲ್ಲಿಗೆ ಬಂತು. ಅದೇ ಧಾತುವಿನಿಂದ ಇಂಗ್ಲಿಷಿನ 'ಸಿರಪ್' ಕೂಡ ಹುಟ್ಟಿದೆ, ನಮ್ಮ ಕುಡುಕರ 'ಶರಾಬು' ಕೂಡ. ಮೊಹರಂನ ಪೀರಲ ಹಬ್ಬಕ್ಕೆ ಹಿಂದೂ-ಮುಸ್ಲಿಂ ಎನ್ನದೆ ಮನೆಮನೆಯವರು ಶರಬತ್ತು ಒಯ್ದು ಓದಿಸಿ ಹಂಚುತ್ತಾರೆ. ರಂಜಾನ್ ತಿಂಗಳ ಸಂಜೆ ರೂಹ್ ಅಫ್ಜಾದ ಕೆಂಪು ಬಾಟಲಿ ಹೊರಬರುತ್ತದೆ. ದೆಹಲಿಯ ಹಮ್‌ದರ್ದ್ ದವಾಖಾನೆ ಅದನ್ನು ಕಳೆದ ಶತಮಾನದ ಮೊದಲ ದಶಕದಲ್ಲಿ ಬಿಸಿಲಿನ ಬೇಗೆಗೆ ಔಷಧವೆಂದು ತಯಾರಿಸಿತ್ತು.

ಮೇಲಿನ ಪದರ ಸೋಡಾ. ಅದರ ಮೇಲೆ, ಈಗ ನಾವು ಕಾಲಿಟ್ಟು ನಿಂತಿರುವುದು, ಕಂಪನಿ ಹೆಸರುಗಳ ಪದರ.

ಕಂಪನಿ ಹೆಸರೇ ಊರ ಹೆಸರು

1977 ಈ ಪದರದ ಮುಖ್ಯ ವರ್ಷ. ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಪಾಲು ಇಳಿಸಬೇಕೆಂದು, ಸೂತ್ರವನ್ನೂ ಭಾರತದ ಕಂಪನಿಗೆ ಕೊಡಬೇಕೆಂದು ಜನತಾ ಸರ್ಕಾರ ಪಟ್ಟು ಹಿಡಿದಾಗ ಕೋಕಾ-ಕೋಲಾ ಗಂಟುಮೂಟೆ ಕಟ್ಟಿತು. ಪಟ್ಟು ಹಿಡಿದ ಕೈಗಾರಿಕಾ ಸಚಿವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಖಾಲಿ ಜಾಗಕ್ಕೆ ಸರ್ಕಾರವೇ ಒಂದು ಪಾನೀಯ ತಂದಿತು, ಹೆಸರು 'ಡಬಲ್ ಸೆವೆನ್'. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಕಳುಹಿಸಿದವರೂ ಕರ್ನಾಟಕದವರು, ಬದಲಿ ಹುಡುಕಿದವರೂ ಕರ್ನಾಟಕದವರು. ಆದರೆ ಗೆದ್ದದ್ದು ಮುಂಬೈಯ ಪಾರ್ಲೆ ಅದೇ ವರ್ಷ ತಂದ ಥಮ್ಸ್ ಅಪ್. ಹೈದರಾಬಾದ್ ಸೀಮೆಯ ಖಾರದ ನಾಲಿಗೆಗೆ ಅದರ ಖಡಕ್ ರುಚಿ ಹಿಡಿಸಿತು. ಆಂಧ್ರ-ತೆಲಂಗಾಣ ಇಂದಿಗೂ ಅದರ ಭದ್ರ ಕೋಟೆ, ಕಲಬುರಗಿ ಆ ಕೋಟೆಯ ಅಗಸಿಬಾಗಿಲು. 1993ರಲ್ಲಿ ಮರಳಿ ಬಂದ ಕೋಕಾ-ಕೋಲಾ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲವನ್ನೂ ಕೊಂಡುಕೊಂಡಿತು. ಕೊಂಡವರ ಹೆಸರು ಹಳ್ಳಿಯ ಬಾಯಿಗೆ ಹತ್ತಲಿಲ್ಲ. ಕಪ್ಪಗಿದ್ದದ್ದೆಲ್ಲ ಥಮ್ಸಪ್ಪೇ.

2000ರ ದಶಕದ ಆರಂಭದಲ್ಲಿ 'ಠಂಡಾ ಮತ್‌ಲಬ್ ಕೋಕಾ-ಕೋಲಾ' ಎಂಬ ಜಾಹೀರಾತು ಬಂತು. ಪ್ರಸೂನ್ ಜೋಶಿ ಬರೆದದ್ದು, ಆಮಿರ್ ಖಾನ್ ಅಭಿನಯಿಸಿದ್ದು. ಅದರ ಜಾಣತನ ಇದ್ದದ್ದು ಇಲ್ಲೇ: ಉತ್ತರ ಭಾರತದ ಮತ್ತು ದಖನಿ ಸೀಮೆಯ ಮನೆಗಳಲ್ಲಿ ಅತಿಥಿಗೆ "ಠಂಡಾ ತೊಗೊಳ್ತೀರಾ" ಎಂದು ಕೇಳುವ ರೂಢಿ ಆಗಲೇ ಇತ್ತು. ಊರವರ ಸ್ವತ್ತಾಗಿದ್ದ ಪದಕ್ಕೆ ಕಂಪನಿ ತನ್ನ ಮೊಹರು ಒತ್ತಲು ನೋಡಿತು. 200 ಮಿಲಿಲೀಟರಿನ ಬಾಟಲಿಯನ್ನು ಐದು ರೂಪಾಯಿಗೆ ಕೊಟ್ಟಿತು. ಬಾಟಲಿ ಮಾರಾಟವಾಯಿತು, ಪದ ಮಾರಾಟವಾಗಲಿಲ್ಲ. ಇಂದಿಗೂ ಚಿಂಚೋಳಿಯಲ್ಲಿ ಥಂಡಾ ಎಂದರೆ "ಯಾವ್ದು ತರ್ಲಿ?" ಎಂಬ ಮರುಪ್ರಶ್ನೆ ಬರುತ್ತದೆ. ಮಾವಿನ ರಸದ್ದೂ ಥಂಡಾ, ಲಿಂಬಿಯದ್ದೂ ಥಂಡಾ, ಜೀರಾ ಸೋಡಾವೂ ಥಂಡಾ.

ಇದರ ತದ್ವಿರುದ್ಧ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಈಶಾನ್ಯದವರು 'ಸೋಡಾ' ಎನ್ನುತ್ತಾರೆ, ನಡುನಾಡಿನವರು 'ಪಾಪ್' ಎನ್ನುತ್ತಾರೆ, ದಕ್ಷಿಣದವರು ಬಣ್ಣ ಯಾವುದಿದ್ದರೂ 'ಕೋಕ್' ಎನ್ನುತ್ತಾರೆ. ಕೋಕಾ-ಕೋಲಾ 1886ರಲ್ಲಿ ಹುಟ್ಟಿದ ಅಟ್ಲಾಂಟಾ ಇರುವುದು ಅದೇ ದಕ್ಷಿಣದಲ್ಲಿ. ಅಲ್ಲಿ ಕಂಪನಿಯ ಹೆಸರೇ ಜಾತಿಯ ಹೆಸರಾಯಿತು, "ಕೋಕ್ ಬೇಕಾ? ಯಾವ ಕೋಕ್?" ಎಂದು ಕೇಳುವಷ್ಟು. ಈ ಶತಮಾನದ ಆರಂಭದಲ್ಲಿ ಹಾರ್ವರ್ಡಿನಲ್ಲಿದ್ದ ಭಾಷಾವಿಜ್ಞಾನಿ ಬರ್ಟ್ ವಾಕ್ಸ್ ದೇಶದಾದ್ಯಂತ ಜನರನ್ನು ಕೇಳಿ ಇಂಥ ಪದಗಳ ನಕ್ಷೆ ಮಾಡಿಸಿದರು. 'ಪಾಪ್' ಎನ್ನುವ ನಾಡಿನ ನಡುವೆ ಸೇಂಟ್ ಲೂಯಿಸ್ ಮತ್ತು ಮಿಲ್ವಾಕಿ ನಗರಗಳು 'ಸೋಡಾ' ಎನ್ನುವ ದ್ವೀಪಗಳಾಗಿ ಆ ನಕ್ಷೆಯಲ್ಲಿ ಎದ್ದು ಕಾಣುತ್ತವೆ. ಒಂದು ಬಾಟಲಿಯ ಹೆಸರು ಕೇಳಿದರೆ ಮನುಷ್ಯನ ಊರು ಹೇಳಬಹುದು ಎಂದಾಯಿತು.

ನಮ್ಮಲ್ಲೂ ಕಂಪನಿ ಹೆಸರುಗಳು ದಾರಿ ತಪ್ಪಿ ಬೇರೆ ವಸ್ತುಗಳಿಗೆ ಅಂಟಿಕೊಂಡಿವೆ. ಉತ್ತರ ಕರ್ನಾಟಕದ ಮಕ್ಕಳಿಗೆ 'ಪೆಪ್ಸಿ' ಎಂದರೆ ಉದ್ದ ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿಸಿದ ಬಣ್ಣದ ಸಿಹಿನೀರು. ಶಾಲೆಯ ಗೇಟಿನ ಮುಂದೆ ಒಂದು ರೂಪಾಯಿಗೆ, ಎರಡು ರೂಪಾಯಿಗೆ ಸಿಗುತ್ತಿದ್ದದ್ದು. ತುದಿ ಕಚ್ಚಿ ಚೀಪುವ ಆ ಪೆಪ್ಸಿಗೂ ಅದೇ ಹೆಸರಿನ ಕಂಪನಿಗೂ ಸಂಬಂಧವಿಲ್ಲ. 'ಬಿಸ್ಲೆರಿ' ಎಂದರೆ ಯಾವುದೇ ಕಂಪನಿಯ ಮುಚ್ಚಿದ ನೀರಿನ ಬಾಟಲಿ. 'ಫ್ರೂಟಿ' ಎಂದರೆ ಸ್ಟ್ರಾ ಚುಚ್ಚಿ ಕುಡಿಯುವ ಯಾವುದೇ ಡಬ್ಬಿ. ಈಗಿನ ಕಾಲೇಜು ಹುಡುಗರ ಬಾಯಲ್ಲಿ ಕೆಂಪು ಬಾಟಲಿಯ 'ಸ್ಟಿಂಗ್'. 2023ರಲ್ಲಿ ಹೊಸ ಮಾಲೀಕರ ಕೈಯಲ್ಲಿ ಹತ್ತು ರೂಪಾಯಿಯ ಬಾಟಲಿಯಾಗಿ ಮತ್ತೆ ಹುಟ್ಟಿದ 'ಕ್ಯಾಂಪಾ' ಅಜ್ಜಂದಿರಿಗೆ ಹಳೆಯ ಗುರುತು, ಮೊಮ್ಮಕ್ಕಳಿಗೆ ಹೊಸ ಪದ.

ತೆಂಗಿನ ನಾಡಿನ ಹೆಸರುಗಳು

ಬಾಟಲಿಯ ಹೆಸರುಗಳೇ ಇಷ್ಟು ಚದುರಿದರೆ, ಗಿಡದಲ್ಲಿ ಬೆಳೆಯುವುದರ ಹೆಸರುಗಳು ಇನ್ನೆಷ್ಟು ಚದುರಬೇಡ! ಹಳೆ ಮೈಸೂರಿನ ಎಳನೀರು ಮಲೆನಾಡು, ಉತ್ತರ ಕನ್ನಡ, ಕುಂದಾಪುರದ ಕಡೆ ಸೀಯಾಳ. ತುಳುನಾಡಿನಲ್ಲಿ ಬೊಂಡ. ತೆಲುಗರೂ ಕೊಬ್ಬರಿ ಬೊಂಡಾಂ ಎನ್ನುತ್ತಾರೆ. ನಡುವೆ ಇಡೀ ಕರ್ನಾಟಕ ಬಿಟ್ಟು ಎರಡು ತುದಿಯಲ್ಲಿ ಒಂದೇ ಪದ. ಕಲಬುರಗಿಯ ಬಿಸಿಲಿನಲ್ಲಿ ತೆಂಗು ಕಡಿಮೆ. ಕಾಯಿ ದಕ್ಷಿಣದಿಂದ ಲಾರಿಯಲ್ಲಿ ಬರುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೈದರಾಬಾದು, ಮುಂಬೈವರೆಗೂ ಲಾರಿಗಳು ಹೋಗುತ್ತವೆ. ಮಂಡ್ಯದ ತೋಟದಲ್ಲಿ ಎಳನೀರಾಗಿದ್ದದ್ದು ಕಲಬುರಗಿಯ ಗಾಡಿಯ ಮೇಲೆ 'ನಾರಿಯಲ್ ಪಾನಿ' ಆಗಿ ಮಾರಾಟವಾಗುತ್ತದೆ.

ಕೆಂಪು ಹುಳಿಹಣ್ಣೊಂದಕ್ಕೆ ದಕ್ಷಿಣ ಕನ್ನಡ-ಕಾಸರಗೋಡಿನಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು, ಕೊಂಕಣಿಗರಲ್ಲಿ ಬಿರಿಂಡ, ಪೇಟೆಯಲ್ಲಿ ಕೋಕಂ. ಮಲೆನಾಡಿನವರ ಸೊಗದೆ ಬೇರಿನ ಶರಬತ್ತು ಬಳ್ಳಾರಿ-ರಾಯಲಸೀಮೆಯ ಕಡೆ ನನ್ನಾರಿ. ಪುತ್ತೂರಿನಿಂದ ಹೊರಟ ಬಿಂದು ಜೀರಾ ಈಗ ಉತ್ತರದ ಊರುಗಳ ಫ್ರಿಜ್ಜಿನಲ್ಲೂ ಕಾಣುತ್ತದೆ. ಅಡುಗೆಮನೆಯ ಜೀರಿಗೆ ನೀರಿಗೆ ಗ್ಯಾಸು ಹಾಕಿ ಗೆದ್ದ ಕಥೆ ಅದು.

ಇವುಗಳಿಗಿಂತ ಸ್ವಾರಸ್ಯದ್ದು ಹವ್ಯಕರ ಒಂದು ಮಾತು. ದಕ್ಷಿಣ ಕನ್ನಡ-ಕಾಸರಗೋಡಿನ ಹವ್ಯಕ ಮನೆಗೆ ಹೋದರೆ "ಆಸರಿಂಗೆ ಎಂತ ಅಕ್ಕು?" ಎಂದು ಕೇಳುತ್ತಾರೆ. ಶಿರಸಿ ಕಡೆಯಲ್ಲಿ ಅದೇ 'ಆಸ್ರಿಗೆ'. ಆಸರು ಎಂದರೆ ದಣಿವು, ಬಾಯಾರಿಕೆ. ಆಸರಿಗೆ ಕೊಡುವುದು ಚಹಾ ಆಗಬಹುದು, ಕಷಾಯ ಆಗಬಹುದು, ಮಜ್ಜಿಗೆ ಆಗಬಹುದು, ಬೆಲ್ಲ-ನೀರೂ ಆಗಬಹುದು. ಪಾತ್ರೆಯಲ್ಲಿ ಏನಿದೆ ಎಂಬುದನ್ನು ಆ ಪದ ಹೇಳುವುದಿಲ್ಲ, ಬಂದವರು ದಣಿದಿದ್ದಾರೆ ಎಂಬುದನ್ನು ಹೇಳುತ್ತದೆ. ಐನಾಪುರದ ಥಂಡಾಕ್ಕೆ ರಾಜ್ಯದ ಇನ್ನೊಂದು ತುದಿಯಲ್ಲಿರುವ ಅಣ್ಣ ಇದು. ಎರಡು ಕಡೆಯೂ ಎಲ್ಲ ಪಾನೀಯಗಳನ್ನು ಒಟ್ಟಿಗೆ ಹಿಡಿಯುವ ಪದ ಹುಟ್ಟಿದ್ದು ಅಂಗಡಿಯ ಕಟ್ಟೆಯಲ್ಲಿ ಅಲ್ಲ, ಮನೆಯ ಕಟ್ಟೆಯಲ್ಲಿ.

ದುಡ್ಡಿಲ್ಲದೆ ನೀರು-ಮಜ್ಜಿಗೆ ಕೊಡುವ ಜಾಗಕ್ಕೂ ಹೀಗೇ ಹೆಸರುಗಳಿವೆ. ನಮ್ಮ ಅರವಟಿಗೆ ಶಾಸನಗಳಲ್ಲೂ ಬರುವ ಹಳೆಯ ಕನ್ನಡ ಪದ. ತಾಂಡೂರಿನ ಕಡೆ ಅದು ಚಲಿವೇಂದ್ರಂ, ಸೊಲ್ಲಾಪುರದ ಕಡೆ ಪಾಣಪೋಯಿ.

ಗರ್ಮಿ, ತಂಪು, ಬಿಸಿ, ಥಂಡಾ

ಈಗ ಮುಖ್ಯ ಮಾತಿಗೆ ಬರೋಣ. ಪತ್ರಿಕೆಗಳು, ಪಠ್ಯಪುಸ್ತಕಗಳು ಬಾಟಲಿಯನ್ನು 'ತಂಪು ಪಾನೀಯ' ಎನ್ನುತ್ತವೆ. ಐನಾಪುರದ ಅಜ್ಜಿ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಫ್ರಿಜ್ಜಿನಿಂದ ತೆಗೆದ ಬಾಟಲಿ ಥಂಡಾ ಹೌದು, ತಂಪು ಅಲ್ಲ. "ಅದೆಲ್ಲಿ ತಂಪಪ್ಪ? ಕುಡಿದ್ರ ಇನ್ನಾ ನೀರಡಕಿ ಆಗ್ತದ. ಮಜ್ಜಿಗಿ ಕುಡಿ, ತಂಪು."

ಈ ಸೀಮೆಯ ಕನ್ನಡದಲ್ಲಿ ಎರಡು ಜೋಡಿಗಳಿವೆ. ಒಂದು ಬಿಸಿ–ಥಂಡಾ. ಇದು ಮುಟ್ಟಿದರೆ ತಿಳಿಯುವುದು. ಇನ್ನೊಂದು ಗರ್ಮಿ–ತಂಪು. ಇದು ಮೈಯೊಳಗೆ ಹೋದ ಮೇಲೆ ತಿಳಿಯುವುದು. ಮಾವಿನಹಣ್ಣನ್ನು ಬರ್ಫದಲ್ಲಿಟ್ಟು ತಿಂದರೂ ಗರ್ಮಿಯೇ. ಅಂಬಲಿ ಬೆಚ್ಚಗಿದ್ದರೂ ತಂಪೇ. ಸಬ್ಜಾ ಬೀಜ, ಅಂದರೆ ಹಳೆ ಮೈಸೂರಿನವರ ಕಾಮಕಸ್ತೂರಿ, ಯಾವ ನೀರಿನಲ್ಲಿ ನೆನೆದರೂ ತಂಪು. ಚಳಿಗಾಲದ ಚಳಿಗೆ ಮೂರನೆಯದೊಂದು ಪದ ಥಂಡಿ: "ಈ ಸಲ ಥಂಡಿ ಭಾಳ ಅದ." ಜೋಡಿಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಒಂದು ಚಂದ ಕಾಣುತ್ತದೆ. ಬಿಸಿ ಕನ್ನಡದ್ದು, ಅದರ ಎದುರಿನ ಥಂಡಾ ಉರ್ದು-ಹಿಂದಿಯದು. ಗರ್ಮಿ ಉರ್ದುವಿನದು, ಅದರ ಎದುರಿನ ತಂಪು ಕನ್ನಡದ್ದು. ಆರುನೂರು ವರ್ಷ ಜತೆಗೆ ಬಾಳಿದ ಎರಡು ಭಾಷೆಗಳು ಅಡ್ಡಡ್ಡ ಸಂಬಂಧ ಮಾಡಿಕೊಂಡಿವೆ, ಎರಡು ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತಂದಂತೆ.

ಬೆಂಗಳೂರಿನ ಕನ್ನಡದಲ್ಲಿ ಈ ಭೇದ ಸವೆಯುತ್ತಿದೆ. ಅಲ್ಲಿ ತಣ್ಣಗಿರುವುದೂ ಕೂಲ್, ದೇಹಕ್ಕೆ ಹಿತವಾದದ್ದೂ ಕೂಲ್, ಹುಡುಗನ ನಡೆ-ನುಡಿಯೂ ಕೂಲ್. ಭೇದ ಸವೆದರೆ ನಷ್ಟ ಬರೀ ಮಾತಿನದ್ದಲ್ಲ. ಬೇಸಿಗೆಯಲ್ಲಿ ಪಾರಾ 42 ಡಿಗ್ರಿ ದಾಟುವುದು ಕಲಬುರಗಿಗೆ ಹೊಸತಲ್ಲ. ಹೊಲದಿಂದ, ಫರಸಿ ಖಣಿಯಿಂದ, ಸಿಮೆಂಟಿನ ಭಟ್ಟಿಯಿಂದ ಬಂದವನಿಗೆ ಬೇಕಾದದ್ದು ನೀರು ಮತ್ತು ಉಪ್ಪು. ಅಂಬಲಿ, ಮಜ್ಜಿಗಿಯಲ್ಲಿ ಅವೆರಡೂ ಇವೆ. ಕೋಲಾದಂಥ ಪಾನೀಯದಲ್ಲಿ 100 ಮಿಲಿಲೀಟರಿಗೆ ಹತ್ತು ಗ್ರಾಮಿನಷ್ಟು ಸಕ್ಕರೆ ಇದೆ. ವಾಂತಿ-ಭೇದಿ ಆದ ಮಗುವಿಗೆ ಲಿಂಬೆ ರುಚಿಯ ಸಿಹಿ ಸೋಡಾ ಕುಡಿಸುವ ರೂಢಿ ಹಲವು ಮನೆಗಳಲ್ಲಿದೆ. ಹೆಚ್ಚು ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸಬಹುದು, ಓಆರ್‌ಎಸ್ ಕೊಡಿ ಎಂದು ವೈದ್ಯರು ಹೇಳುತ್ತಾರೆ. ಥಂಡಾ ಬೇರೆ, ತಂಪು ಬೇರೆ ಎಂದು ಬಲ್ಲ ಅಜ್ಜಿ ಇದನ್ನು ತನ್ನ ಮಾತಿನಲ್ಲಿ ಮೊದಲೇ ಹೇಳಿಟ್ಟಿದ್ದಾಳೆ.

ಅಜ್ಜಿಯ ಭೇದವನ್ನು ತೆರಿಗೆ ಇಲಾಖೆಯೂ ಒಪ್ಪುತ್ತದೆ ಎಂದರೆ ನಗು ಬರಬಹುದು. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಬೆರೆತ ಗ್ಯಾಸಿನ ಪಾನೀಯಗಳಿಗೆ ಜಿಎಸ್‌ಟಿ ಶೇ 40. ಗಡಿಗೆಯಿಂದ ಅಳೆದು ಕೊಡುವ ಬಿಡಿ ಮಜ್ಜಿಗೆಗೆ ಸೊನ್ನೆ.

ಮಳಖೇಡದ ಮಾತು

ಊರೂರಿಗೆ ಬದಲಾಗುವ ಕನ್ನಡವನ್ನು ಕಂಡು ಬೆರಗಾದವರಲ್ಲಿ ನಾವು ಮೊದಲಿಗರಲ್ಲ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 850ರ ಸುಮಾರಿಗೆ ಬರೆದ 'ಕವಿರಾಜಮಾರ್ಗ' ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದ ಆ ಗ್ರಂಥವೇ, ಕನ್ನಡಗಳು ಹಲವು, ದೇಸಿ ಬೇರೆ ಬೇರೆ ಆಗಿರುವುದರಿಂದ ಅವುಗಳ ದೋಷ ಇಷ್ಟೆಂದು ಎಣಿಸಲು ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತನ್ನೂ ಹೇಳುತ್ತದೆ. ನೂರಾರು ವರ್ಷಗಳ ಬಳಿಕ ವಿದ್ವಾಂಸರು ಆ ಕೆಲಸಕ್ಕೆ ಕೈ ಹಾಕಿದರು. 1960ರ ದಶಕದಲ್ಲಿ ಆರ್. ಮಹದೇವನ್ ಗುಲಬರ್ಗಾ ಕನ್ನಡದ ಧ್ವನಿ ಮತ್ತು ಪದಗಳನ್ನು ಅಧ್ಯಯನ ಮಾಡಿದರು. ಆಗಿನಿಂದ ಈಚೆಗೆ ಪ್ಲಾಸ್ಟಿಕ್ ಬಾಟಲಿ, ಟಿವಿ, ಮೊಬೈಲು ಎಲ್ಲ ಬಂದು ಹಳ್ಳಿಯ ನಾಲಿಗೆಯನ್ನು ಬೇರೆ ಮಾಡಿವೆ.

ಆದ್ದರಿಂದ ಒಂದು ಕೋರಿಕೆ. ಕಲಬುರಗಿಯ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮೂರೂ ಸೇರಿ ಬೀದರಿನಿಂದ ಕಾಸರಗೋಡಿನವರೆಗೆ ಕುಡಿಯುವ ವಸ್ತುಗಳ ಒಂದು ಪದನಕ್ಷೆ ಮಾಡಲಿ. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹೈಸ್ಕೂಲು ಮಕ್ಕಳು ಬೇಸಿಗೆ ರಜೆಯಲ್ಲಿ ಮನೆಯ ಹಿರಿಯರನ್ನು ನಾಲ್ಕು ಪ್ರಶ್ನೆ ಕೇಳಿ ಬರೆದು ತಂದರೆ ಸಾಕು: ಬಂದವರಿಗೆ ಕುಡಿಯಲು ಕೊಡುವುದಕ್ಕೆ ಏನೆನ್ನುತ್ತೀರಿ? ಅಂಗಡಿಯ ಬಾಟಲಿಗೆ ಏನೆನ್ನುತ್ತೀರಿ? ತೆಂಗಿನ ಎಳೆಗಾಯಿಗೆ ಏನೆನ್ನುತ್ತೀರಿ? ಮೈಗೆ ಹಿತವಾದದ್ದು ಯಾವುದು, ಅಲ್ಲದ್ದು ಯಾವುದು, ಆ ಭೇದಕ್ಕೆ ನಿಮ್ಮಲ್ಲಿ ಪದ ಏನು?

ಸಂಸ್ಥೆಗಳು ಏಳುವವರೆಗೆ ಓದುಗರು ಕಾಯಬೇಕಿಲ್ಲ. ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಹಿರಿಯರು ಹೇಳುವ ಪದಗಳನ್ನು ಊರ ಹೆಸರಿನೊಂದಿಗೆ ಒಂದು ವಹಿಯಲ್ಲಿ ಬರೆದಿಡಿ. ಬರೆಯುವಾಗ ತಿದ್ದಬೇಡಿ, ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಇರಲಿ.